ಗುಂಪಿನ ಗುಣವೇ ಬೇರೆ

ಒಂದು ಗ್ರಾಂ ತಾಮ್ರದಲ್ಲಿರುವ ಪರಮಾಣುಗಳ ಲೆಕ್ಕ ಬರೆಯಹೊರಟರೆ 1ರ ಮುಂದೆ ಹೆಚ್ಚೂಕಡಿಮೆ 22 ಸೊನ್ನೆ ಬೀಳುತ್ತದೆ. ಒಂದು ಪರಮಾಣು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಕ್ವಾಂಟಂ ಸಮೀಕರಣ ಚೆನ್ನಾಗಿ ಹೇಳಬಲ್ಲದು. ಅಷ್ಟೂ ಪರಮಾಣುಗಳಿಗೆ ಒಟ್ಟಿಗೇ ಅದೇ ಸಮೀಕರಣವನ್ನು ಬಿಡಿಸುವುದು ಯಾವ ಕಂಪ್ಯೂಟರಿನ ಕೈಲೂ ಆಗದ ಕೆಲಸ. ಆದರೂ ತಾಮ್ರದಲ್ಲಿ ವಿದ್ಯುತ್ ಹರಿಯುವುದೇಕೆ, ಗಾಜಿನಲ್ಲಿ ಹರಿಯದಿರುವುದೇಕೆ, ಕಬ್ಬಿಣ ಅಯಸ್ಕಾಂತವಾಗುವುದೇಕೆ, ಸೀಸವನ್ನು ಮೈನಸ್ 266 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ ಅದರ ವಿದ್ಯುತ್ ರೋಧ ಪೂರ್ತಿ ಮಾಯವಾಗುವುದೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕು. ಆ ಉತ್ತರ ಹುಡುಕುವ ಶಾಸ್ತ್ರಕ್ಕೆ ಕಂಡೆನ್ಸ್ಡ್ ಮ್ಯಾಟರ್ ಭೌತವಿಜ್ಞಾನ ಎಂದು ಹೆಸರು. ಪರಮಾಣುಗಳು ಒತ್ತೊತ್ತಾಗಿ ಸೇರಿ ಒಂದರ ಗೊಡವೆ ಇನ್ನೊಂದಕ್ಕೆ ತಪ್ಪದಂತಾದ ಘನ, ದ್ರವಗಳೆಲ್ಲ ಇದರ ಪಾಲಿಗೆ ಬರುತ್ತವೆ. ಜಗತ್ತಿನ ಭೌತವಿಜ್ಞಾನಿಗಳಲ್ಲಿ ಬಹುದೊಡ್ಡ ಪಾಲು ಈ ಕ್ಷೇತ್ರದಲ್ಲೇ ದುಡಿಯುತ್ತದೆ. ಆದರೆ ಪತ್ರಿಕೆಗಳ ಮುಖಪುಟಕ್ಕೆ ಬರುವುದು ಕಪ್ಪುರಂಧ್ರ, ಇಲ್ಲವೇ ದೇವಕಣ.

ಈ ಕ್ಷೇತ್ರದ ಸೈದ್ಧಾಂತಿಕ ವಿಜ್ಞಾನಿ ದಿನವಿಡೀ ಮಾಡುವುದೇನು ಎಂದು ತಿಳಿಯಲು ಫಿಲಿಪ್ ವಾರೆನ್ ಆಂಡರ್ಸನ್ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ದಾರಿಯಿಲ್ಲ. ಅವರು ಹುಟ್ಟಿದ್ದು 1923ರ ಡಿಸೆಂಬರ್ 13ರಂದು, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ. ಬೆಳೆದದ್ದು ಇಲಿನಾಯ್‌ನ ಅರ್ಬಾನಾದಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗ ವಿಜ್ಞಾನದ ಪ್ರಾಧ್ಯಾಪಕರು, ತಾಯಿಯ ತಂದೆ ಗಣಿತದ ಮೇಷ್ಟರು. 1940ರಲ್ಲಿ ಹಾರ್ವರ್ಡ್ ಸೇರಿದರು. ಅಷ್ಟರಲ್ಲಿ ಯುದ್ಧ ಬಂತು. 1943ರಿಂದ 45ರವರೆಗೆ ನೌಕಾಪಡೆಯ ಸಂಶೋಧನಾಲಯದಲ್ಲಿ ಆಂಟೆನಾ ಕಟ್ಟುವ ಕೆಲಸ. ಯುದ್ಧ ಮುಗಿದ ಮೇಲೆ ಹಾರ್ವರ್ಡ್‌ಗೆ ಮರಳಿ, ಕಾಂತತ್ವದ ದೊಡ್ಡ ಪಂಡಿತರಾಗಿದ್ದ ಜಾನ್ ವಾನ್ ವ್ಲೆಕ್ ಅವರಲ್ಲಿ ಪಿಎಚ್.ಡಿ. ಮಾಡಿದರು. ಅನಿಲದ ಒತ್ತಡ ಹೆಚ್ಚಿದಂತೆ ಅದರ ರೋಹಿತ ರೇಖೆಗಳು ಅಗಲವಾಗುವುದೇಕೆ ಎಂಬುದು ಪ್ರಬಂಧದ ವಿಷಯ. ಆ ಕಾಲದ ಪ್ರತಿಭಾವಂತರೆಲ್ಲ ನ್ಯೂಕ್ಲಿಯಸ್ಸಿನ ಕಡೆಗೆ, ಕಣಗಳ ಕಡೆಗೆ ಮುಗಿಬೀಳುತ್ತಿದ್ದಾಗ ಇದು ತೀರ ಸಪ್ಪೆಯಾದ ಆಯ್ಕೆಯೇ.

1949ರಲ್ಲಿ ಆಂಡರ್ಸನ್ ನೌಕರಿಗೆ ಸೇರಿದ್ದು ಒಂದು ಟೆಲಿಫೋನ್ ಕಂಪನಿಯಲ್ಲಿ. ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ ಸ್ವಲ್ಪ ಕಾಲದ ಹಿಂದಷ್ಟೇ, 1947ರ ಡಿಸೆಂಬರಿನಲ್ಲಿ, ಟ್ರಾನ್ಸಿಸ್ಟರ್ ಹುಟ್ಟಿತ್ತು. ಅರೆವಾಹಕ, ಅಯಸ್ಕಾಂತ, ಹರಳು ಇವುಗಳ ಒಳಗುಟ್ಟು ತಿಳಿದವರು ಕಂಪನಿಗೆ ಬೇಕಿದ್ದರು. ಅಲ್ಲಿ ಸಿದ್ಧಾಂತಿಯ ಮೊದಲ ಕೆಲಸವೆಂದರೆ ಒಂದು ಬಗೆಯ ಊಳಿಗ. ಪ್ರಯೋಗ ಮಾಡುವವರು ಅರ್ಥವಾಗದ ಅಂಕಿ ಹಿಡಿದು ಬರುತ್ತಾರೆ, ಸಿದ್ಧಾಂತಿ ಕಾರಣ ಹೇಳಬೇಕು. ಟ್ರಾನ್ಸಿಸ್ಟರ್ ಖ್ಯಾತಿಯ ವಿಲಿಯಂ ಶಾಕ್ಲಿ ಈ ಹೊಸಬನಿಗೆ ವಹಿಸಿದ್ದು ಬೇರಿಯಂ ಟೈಟನೇಟ್‌ನಂಥ ಹರಳುಗಳ ವಿದ್ಯುತ್ ಗುಣದ ವಿಷಯ. 1950ರ ದಶಕದ ನಡುವೆ ಸಿದ್ಧಾಂತಿಗಳು ತಮ್ಮದೇ ವಿಭಾಗವನ್ನು ದಕ್ಕಿಸಿಕೊಂಡರು. ಆದರೆ ಪಕ್ಕದ ಕೋಣೆಯಲ್ಲಿ ಪ್ರಯೋಗದ ಸದ್ದು ನಿಲ್ಲಲಿಲ್ಲ, ಮತ್ತು ಅದು ನಿಲ್ಲದಿದ್ದುದೇ ಆಂಡರ್ಸನ್ ಅವರ ಭಾಗ್ಯ. ಅವರ ದೊಡ್ಡ ಕೆಲಸಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಯಾರೋ ಅಳೆದು ತಂದ ಹಟಮಾರಿ ಅಂಕಿಯೊಂದರಿಂದ.

1952ರಲ್ಲಿ ಅವರು ಪ್ರತಿಕಾಂತೀಯ ವಸ್ತುಗಳ ಬಗ್ಗೆ ಬರೆದ ಲೇಖನದಲ್ಲಿ ಮುಂದಿನ ಐವತ್ತು ವರ್ಷದ ಚಿಂತನೆಯ ಬೀಜವಿದೆ. ಇಂಥ ಹರಳಿನಲ್ಲಿ ಅಕ್ಕಪಕ್ಕದ ಪರಮಾಣುಗಳ ಪುಟ್ಟ ಅಯಸ್ಕಾಂತಗಳು ಒಂದು ಮೇಲಕ್ಕೆ, ಒಂದು ಕೆಳಕ್ಕೆ ಮುಖಮಾಡಿ ನಿಲ್ಲುತ್ತವೆ. ಸಮೀಕರಣಕ್ಕೆ ಮೇಲು, ಕೆಳಗು, ಎಡ, ಬಲ ಎಲ್ಲ ದಿಕ್ಕೂ ಒಂದೇ. ಹರಳು ಮಾತ್ರ ಒಂದು ದಿಕ್ಕನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳುತ್ತದೆ. ನಿಯಮದಲ್ಲಿರುವ ಸಮ್ಮಿತಿಯನ್ನು ವಸ್ತು ಮುರಿಯುತ್ತದೆ. ಮರುವರ್ಷ ಫುಲ್‌ಬ್ರೈಟ್ ವೇತನದ ಮೇಲೆ ಜಪಾನಿಗೆ ಹೋಗಿ ಟೋಕಿಯೊದಲ್ಲಿ ಕಾಂತತ್ವದ ಪಾಠ ಹೇಳಿದರು. ಅಲ್ಲಿಂದ ಹಿಡಿದು ತಂದ ಇನ್ನೊಂದು ಗೀಳು ‘ಗೋ’ ಎಂಬ ಕಪ್ಪುಬಿಳಿ ಕಾಯಿಗಳ ಆಟ. ಬದುಕಿಡೀ ಅದನ್ನು ಆಡಿದರು, ಆ ಆಟದಲ್ಲೂ ದರ್ಜೆ ಗಳಿಸಿದರು.

ಹೆಸರು ನಿಲ್ಲಿಸಿದ ಕೆಲಸ 1958ರದು. ಬೆಲ್‌ನಲ್ಲಿ ಜಾರ್ಜ್ ಫೆಹೆರ್ ಎಂಬ ಪ್ರಯೋಗಶೀಲ ವಿಜ್ಞಾನಿ ರಂಜಕವನ್ನು ಚೂರು ಬೆರೆಸಿದ ಸಿಲಿಕಾನ್ ಹರಳುಗಳನ್ನು ಆಳವಾಗಿ ತಣಿಸಿ, ರಂಜಕದ ಪರಮಾಣುಗಳಿಗೆ ಅಂಟಿದ ಎಲೆಕ್ಟ್ರಾನುಗಳ ಸ್ಪಿನ್, ಅಂದರೆ ಅವುಗಳ ಪುಟ್ಟ ಅಯಸ್ಕಾಂತದಂಥ ಗುಣ, ಅಳೆಯುತ್ತಿದ್ದರು. ಒಂದು ಪರಮಾಣುವಿನ ಸ್ಪಿನ್ ಕದಡಿದರೆ ಆ ಕದಡು ನೆರೆಹೊರೆಗೆ ಹರಡಿ ಸೆಕೆಂಡಿನ ಸಣ್ಣ ಚೂರಿನಲ್ಲಿ ಕರಗಿಹೋಗಬೇಕು ಎಂದು ಆಗಿನ ಲೆಕ್ಕಾಚಾರ ಹೇಳುತ್ತಿತ್ತು. ಫೆಹೆರ್ ಅವರ ಉಪಕರಣದಲ್ಲಿ ಅದು ನಿಮಿಷಗಟ್ಟಲೆ ಹುಟ್ಟಿದಲ್ಲೇ ಕೂತಿತ್ತು. ಬೇರೆಯವರಾಗಿದ್ದರೆ ಅಳತೆಯಲ್ಲೇ ಏನೋ ಎಡವಟ್ಟಾಗಿದೆ ಅನ್ನುತ್ತಿದ್ದರೇನೋ. ಆಂಡರ್ಸನ್ ಅಂಕಿಯನ್ನು ನಂಬಿ ಸಿದ್ಧಾಂತವನ್ನು ಶಂಕಿಸಿದರು.

ಅವರು ಕಂಡುಕೊಂಡದ್ದನ್ನು ಕೆರೆಯ ಹೋಲಿಕೆಯಿಂದ ತಿಳಿಯಬಹುದು. ನಿಂತ ನೀರಿಗೆ ಕಲ್ಲೆಸೆದರೆ ಅಲೆ ದಡದವರೆಗೆ ಹೋಗುತ್ತದೆ. ಕೆರೆಯ ತುಂಬ ಸಾಲಾಗಿ, ಸಮದೂರದಲ್ಲಿ ಗೂಟ ನೆಟ್ಟರೂ ತಕ್ಕ ಅಲೆಗಳು ಅದರೊಳಗೆ ದಾರಿ ಮಾಡಿಕೊಳ್ಳುತ್ತವೆ. ಹರಳಿನಲ್ಲಿ ಎಲೆಕ್ಟ್ರಾನು ಸರಾಗವಾಗಿ ಸಾಗುವುದು ಹೀಗೆಯೇ, ಏಕೆಂದರೆ ಎಲೆಕ್ಟ್ರಾನೂ ಒಂದು ಅಲೆ. ಗೂಟಗಳನ್ನು ಅಡ್ಡಾದಿಡ್ಡಿ ನೆಟ್ಟರೆ ಕಥೆ ಬೇರೆ. ಪ್ರತಿ ಗೂಟಕ್ಕೂ ತಾಗಿ ಚದುರಿದ ಅಲೆಗಳು ಒಂದನ್ನೊಂದು ಕೂಡುತ್ತ, ಕಳೆಯುತ್ತ ಹೋಗುತ್ತವೆ. ಅಡ್ಡಾದಿಡ್ಡಿತನ ಒಂದು ಮಿತಿ ದಾಟಿದರೆ ಹೊರಗೆ ಹೋಗುವ ಅಲೆಗಳೆಲ್ಲ ಪರಸ್ಪರ ಅಳಿಸಿಹೋಗಿ, ಕಲ್ಲು ಬಿದ್ದ ಜಾಗದ ಸುತ್ತ ಮಾತ್ರ ಕುಲುಕಾಟ ಉಳಿಯುತ್ತದೆ. ಅಲೆಗೆ ಗೋಡೆ ಯಾವುದೂ ಅಡ್ಡವಿಲ್ಲ, ಆದರೂ ಅದು ಬಂದಿ. ಎಲೆಕ್ಟ್ರಾನಿಗೆ ಇದೇ ಗತಿ ಬಂದರೆ ಲೋಹವಾಗಬೇಕಿದ್ದ ವಸ್ತು ಅವಾಹಕವಾಗುತ್ತದೆ. ಅಲ್ಲಿಯವರೆಗೆ ಕಲ್ಮಶವೆಂದರೆ ವಿದ್ಯುತ್ತಿನ ಓಟವನ್ನು ಕೊಂಚ ನಿಧಾನಿಸುವ ಕಿರಿಕಿರಿ ಎಂದಷ್ಟೇ ಎಣಿಕೆಯಿತ್ತು. ಅದು ಓಟವನ್ನೇ ನಿಲ್ಲಿಸಬಲ್ಲದು ಎಂದವರು ಆಂಡರ್ಸನ್. ಅವರ ಲೇಖನ ಓದಲು ಬಲು ಕಷ್ಟ. ಬಹಳ ಕಾಲ ಅದನ್ನು ನಂಬಿದವರು ಬೆರಳೆಣಿಕೆಯಷ್ಟು ಮಂದಿ. ಕೇಂಬ್ರಿಡ್ಜಿನ ನೆವಿಲ್ ಮಾಟ್ ಮಾತ್ರ ಅದರ ಬೆಲೆ ಅರಿತು 1960ರ ದಶಕದಲ್ಲಿ ಅದನ್ನು ಬೆಳೆಸಿದರು. ಅತಿಶೀತಲ ಪರಮಾಣುಗಳ ಅಲೆ ಹೀಗೆ ಕಟ್ಟಿಬೀಳುವುದನ್ನು ಫ್ರಾನ್ಸ್ ಮತ್ತು ಇಟಲಿಯ ತಂಡಗಳು ನೇರವಾಗಿ ಕಂಡದ್ದು 2008ರಲ್ಲಿ, ಸರಿಯಾಗಿ ಐವತ್ತು ವರ್ಷ ಕಳೆದ ಮೇಲೆ.

ಇಂಥ ಕೆಲಸದ ತಂತ್ರಕ್ಕೆ ಮಾದರಿ ಕಟ್ಟುವುದು ಎನ್ನುತ್ತಾರೆ. ವ್ಯಂಗ್ಯಚಿತ್ರಕಾರ ಮೂಗು ಮತ್ತು ಕನ್ನಡಕದ ನಾಲ್ಕು ಗೆರೆಯಲ್ಲಿ ಆಳನ್ನು ಹಿಡಿದುಬಿಡುತ್ತಾನಲ್ಲ, ಹಾಗೆ. ಸಿಲಿಕಾನಿನ ನೂರೆಂಟು ವಿವರಗಳನ್ನು ಕೈಬಿಟ್ಟು, ಎಲೆಕ್ಟ್ರಾನು ಜಿಗಿಯುವ ತಾಣಗಳು ಮತ್ತು ಪ್ರತಿ ತಾಣದಲ್ಲಿ ಏರುಪೇರಾದ ಶಕ್ತಿ, ಇವೆರಡನ್ನೇ ಇಟ್ಟುಕೊಂಡರೂ ಮುಖ್ಯ ಸಂಗತಿ ಸಿಕ್ಕುತ್ತದೆ. ಯಾವುದನ್ನು ಬಿಡಬೇಕು ಎಂಬುದರಲ್ಲೇ ಕಲೆಯೆಲ್ಲ ಇರುವುದು. 1961ರಲ್ಲಿ ಲೋಹದೊಳಗೆ ಸಿಕ್ಕಿಕೊಂಡ ಒಂಟಿ ಕಬ್ಬಿಣದ ಪರಮಾಣು ತನ್ನ ಕಾಂತತ್ವವನ್ನು ಉಳಿಸಿಕೊಳ್ಳುವುದು ಯಾವಾಗ, ಕಳೆದುಕೊಳ್ಳುವುದು ಯಾವಾಗ ಎಂಬುದಕ್ಕೂ ಇಂಥದೇ ಒಂದು ಮಾದರಿ ಕೊಟ್ಟರು. ಇಂದಿಗೂ ದಿನನಿತ್ಯ ಬಳಕೆಯಾಗುವ ಸಲಕರಣೆ ಅದು.

ಅದೇ ವರ್ಷದ ಕೊನೆಗೆ ಒಂದು ವರ್ಷದ ಮಟ್ಟಿಗೆ ಕೇಂಬ್ರಿಡ್ಜಿಗೆ ಹೋಗಿ ಪಾಠ ಹೇಳತೊಡಗಿದರು. ತರಗತಿಯಲ್ಲಿ ಬ್ರಯಾನ್ ಜೋಸೆಫ್‌ಸನ್ ಎಂಬ ವಿದ್ಯಾರ್ಥಿಯಿದ್ದ. ವಯಸ್ಸು ಇಪ್ಪತ್ತೆರಡರ ಆಸುಪಾಸು. ಹಲಗೆಯ ಮೇಲೆ ಬರೆದದ್ದರಲ್ಲಿ ಎಳ್ಳಷ್ಟು ತಪ್ಪಿದ್ದರೂ ಪಾಠ ಮುಗಿದ ಮೇಲೆ ಬಂದು ಮೇಷ್ಟರಿಗೆ ಅದನ್ನು ವಿವರಿಸಿ ಹೋಗುತ್ತಿದ್ದ, ಹೀಗಾಗಿ ಅವನೆದುರು ಪಾಠ ಮಾಡುವುದು ಸುಲಭವಿರಲಿಲ್ಲ ಎಂದು ಆಂಡರ್ಸನ್ ಮುಂದೆ ನೆನೆದುಕೊಂಡಿದ್ದಾರೆ. ತಣಿಸಿದಾಗ ವಿದ್ಯುತ್ ರೋಧವೇ ಇಲ್ಲವಾಗುವ ಅತಿವಾಹಕದಲ್ಲಿಯೂ ಒಂದು ಸಮ್ಮಿತಿ ಮುರಿಯುತ್ತದೆ ಎಂಬ ಪಾಠದ ಮಾತು ಹುಡುಗನ ತಲೆಹೊಕ್ಕಿತು. 1962ರಲ್ಲಿ ಆತ ಲೆಕ್ಕ ಹಾಕಿ ತಂದು ತೋರಿಸಿದ ಫಲಿತಾಂಶ ವಿಚಿತ್ರವಾಗಿತ್ತು. ಎರಡು ಅತಿವಾಹಕಗಳ ನಡುವೆ ತೆಳ್ಳನೆಯ ಅವಾಹಕ ಪದರವಿಟ್ಟರೆ, ವೋಲ್ಟೇಜ್ ಏನೂ ಇಲ್ಲದೆಯೇ ಆ ಪದರ ದಾಟಿ ವಿದ್ಯುತ್ ಹರಿಯಬೇಕು. ಅತಿವಾಹಕತೆಯ ಸಿದ್ಧಾಂತ ಕೊಟ್ಟ ಜಾನ್ ಬಾರ್ಡೀನ್ ಅವರೇ ಇದನ್ನು ಒಪ್ಪಲಿಲ್ಲ. ಆಂಡರ್ಸನ್ ಬೆಲ್‌ಗೆ ಮರಳಿ ಜಾನ್ ರೊವೆಲ್ ಅವರ ಜೊತೆ ಕೂತರು. ತವರ ಮತ್ತು ಸೀಸದ ಎರಡು ಪದರ, ನಡುವೆ ತವರದ ಆಕ್ಸೈಡಿನ ತೆಳುಪೊರೆ. ದ್ರವ ಹೀಲಿಯಮ್ಮಿನಲ್ಲಿ ತಣಿಸಿದಾಗ ವೋಲ್ಟೇಜ್ ಇಲ್ಲದ ಪ್ರವಾಹ ಕಂಡಿತು. ಪೊರೆಯಲ್ಲೆಲ್ಲೋ ತೂತಾಗಿ ಲೋಹಕ್ಕೆ ಲೋಹ ತಾಗಿರಬಹುದು ಎಂಬ ಅನುಮಾನ ಸಹಜ. ಆದರೆ ಸಣ್ಣದೊಂದು ಕಾಂತಕ್ಷೇತ್ರ ಹತ್ತಿರ ತಂದರೂ ಪ್ರವಾಹ ಕುಗ್ಗಿತು, ತೂತಿನ ಪ್ರವಾಹಕ್ಕೆ ಅಷ್ಟು ನಾಜೂಕು ಇರುವುದಿಲ್ಲ. 1963ರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು. ಕಂಪನಿಯ ವಕೀಲರನ್ನು ಪೇಟೆಂಟ್ ಕೇಳಹೋದರೆ, ಆ ಹುಡುಗನ ಲೇಖನ ಎಷ್ಟು ಪೂರ್ಣವಾಗಿದೆಯೆಂದರೆ ಇನ್ನು ಯಾರಿಗೂ ಇದರಲ್ಲಿ ಹೇಳಿಕೊಳ್ಳುವಂಥ ಪೇಟೆಂಟ್ ದಕ್ಕದು ಎಂದರಂತೆ. ಜೋಸೆಫ್‌ಸನ್ 1973ರಲ್ಲಿ ನೊಬೆಲ್ ಪಡೆದರು. ಇವತ್ತಿನ ಕ್ವಾಂಟಂ ಕಂಪ್ಯೂಟರುಗಳಲ್ಲಿ ಒಂದು ಮುಖ್ಯ ಬಗೆಯದರ ಜೀವಾಳವೇ ಎರಡು ಅತಿವಾಹಕಗಳ ಈ ಬೆಸುಗೆ. 2025ರ ಭೌತವಿಜ್ಞಾನ ನೊಬೆಲ್ ಕೂಡ ಇದೇ ಬೆಸುಗೆಯುಳ್ಳ ಮಂಡಲಗಳ ಮೇಲಿನ ಪ್ರಯೋಗಕ್ಕೆ ಬಂತು.

ದೇವಕಣ ಎನ್ನುವ ಹಿಗ್ಸ್ ಕಣದ ಕಥೆಯಲ್ಲೂ ಅತಿವಾಹಕದ ಪಾತ್ರವಿದೆ, ಇದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಸಮ್ಮಿತಿ ಮುರಿದಾಗ ತೂಕವಿಲ್ಲದ ಕಣವೊಂದು ಹುಟ್ಟಲೇಬೇಕು ಎಂಬ ತೊಡಕು ಕಣ ವಿಜ್ಞಾನಿಗಳನ್ನು ಕಾಡುತ್ತಿತ್ತು. ಅತಿವಾಹಕದಲ್ಲಿ ಅಂಥ ಕಣ ಕಾಣಿಸುವುದಿಲ್ಲ, ಬದಲಿಗೆ ವಿದ್ಯುತ್ಕಾಂತೀಯ ಅಲೆಯೇ ತೂಕ ಪಡೆದಂತೆ ವರ್ತಿಸುತ್ತದೆ ಎಂದು ಆಂಡರ್ಸನ್ 1963ರಲ್ಲಿ ತೋರಿಸಿ, ಕಣಗಳ ಲೋಕದಲ್ಲೂ ಹೀಗಾಗಬಹುದು ಎಂದು ಸೂಚಿಸಿದರು. ಮರುವರ್ಷ ಪೀಟರ್ ಹಿಗ್ಸ್ ತಮ್ಮ ಲೇಖನದಲ್ಲಿ ಇದನ್ನು ನೆನೆದು, ಸಾಪೇಕ್ಷತೆಗೆ ಹೊಂದುವಂತೆ ವಾದವನ್ನು ಪೂರ್ಣಗೊಳಿಸಿದರು. ಹೆಚ್ಚಿನ ಶ್ರೇಯ ಹಿಗ್ಸ್ ಮತ್ತು ಅವರ ಸಮಕಾಲೀನರಿಗೇ ಸಲ್ಲಬೇಕು. ಆದರೆ ಮೂಲ ಹೊಳಹು ಬಂದದ್ದು ತಣ್ಣಗಿನ ಲೋಹದ ತುಂಡಿನಿಂದ ಎಂಬುದೂ ಅಷ್ಟೇ ನಿಜ.

1967ರಿಂದ 75ರವರೆಗೆ ವರ್ಷದ ಅರ್ಧ ಭಾಗ ಬೆಲ್, ಅರ್ಧ ಭಾಗ ಕೇಂಬ್ರಿಡ್ಜ್ ಎಂದು ಆಂಡರ್ಸನ್ ಓಡಾಡಿದರು. ಅಲ್ಲಿನ ‘ಸಾಲಿಡ್ ಸ್ಟೇಟ್ ಥಿಯರಿ’ ಗುಂಪಿನ ಹೆಸರನ್ನು ಅವರೂ ವೋಲ್ಕರ್ ಹೈನೆಯವರೂ ಸೇರಿ ‘ಥಿಯರಿ ಆಫ್ ಕಂಡೆನ್ಸ್ಡ್ ಮ್ಯಾಟರ್’ ಎಂದು ಬದಲಿಸಿದರು. ದ್ರವ ಹೀಲಿಯಂ ಕೂಡ ತಮ್ಮ ಪಾಲಿಗೆ ಸೇರಿದ್ದು, ‘ಘನ’ ಎಂದರೆ ಅದು ಹೊರಗುಳಿಯುತ್ತದೆ ಎಂಬುದು ಒಂದು ಕಾರಣ. ಹೆಸರಿನ ಜೊತೆ ಮರ್ಯಾದೆಯ ಪ್ರಶ್ನೆಯೂ ಇತ್ತು. ಮೂಲಕಣಗಳ ನಿಯಮವೇ ನಿಜವಾದ ಭೌತವಿಜ್ಞಾನ, ಮಿಕ್ಕಿದ್ದೆಲ್ಲ ಅದರ ಬಳಕೆ ಎಂಬ ಧೋರಣೆ ಆಗ ಬಲವಾಗಿತ್ತು, ಈಗಲೂ ಪೂರ್ತಿ ಹೋಗಿಲ್ಲ.

ಅದಕ್ಕೆ ಅವರು ಕೊಟ್ಟ ಉತ್ತರ 1972ರ ಆಗಸ್ಟಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ‘ಮೋರ್ ಈಸ್ ಡಿಫರೆಂಟ್’. ಕೇವಲ ನಾಲ್ಕು ಪುಟ. ಗುಂಪು ದೊಡ್ಡದಾದರೆ ಅದರ ಗುಣವೇ ಬೇರೆಯಾಗುತ್ತದೆ ಎಂಬುದು ತಿರುಳು. ಎಲ್ಲವೂ ಮೂಲ ನಿಯಮಗಳಿಗೆ ಬದ್ಧ ಎಂಬುದನ್ನು ಅವರು ಒಪ್ಪುತ್ತಾರೆ. ಆ ನಿಯಮಗಳಿಂದ ಹೊರಟು ಜಗತ್ತನ್ನೆಲ್ಲ ಮತ್ತೆ ಕಟ್ಟಬಹುದು ಎಂಬುದನ್ನು ಒಪ್ಪುವುದಿಲ್ಲ. ಉದಾಹರಣೆಗೆ ಅಮೋನಿಯಾ ಅಣುವನ್ನು ಎತ್ತಿಕೊಳ್ಳುತ್ತಾರೆ. ಮೂರು ಹೈಡ್ರೋಜನ್‌ಗಳ ತ್ರಿಕೋನದ ಮೇಲೆ ಒಂದು ನೈಟ್ರೋಜನ್ ಗೋಪುರದ ಕಳಶದಂತೆ ಕೂತಿರುತ್ತದೆ. ಕಳಶ ಮೇಲಿರಲಿ, ಕೆಳಗಿರಲಿ, ಕ್ವಾಂಟಂ ನಿಯಮಕ್ಕೆ ಭೇದವಿಲ್ಲ. ಹಾಗಾಗಿ ಅಣು ಕೊಡೆ ಮಗುಚಿದಂತೆ ಸೆಕೆಂಡಿಗೆ ಎರಡು ಸಾವಿರ ಕೋಟಿಗೂ ಹೆಚ್ಚು ಬಾರಿ ಮೇಲೆ ಕೆಳಗೆ ಮಗುಚುತ್ತಲೇ ಇರುತ್ತದೆ, ಸರಾಸರಿಯಲ್ಲಿ ಎರಡೂ ಸಮ. ಸಕ್ಕರೆಯಂಥ ದೊಡ್ಡ ಅಣುವಿಗೆ ಬನ್ನಿ. ಕನ್ನಡಿಯ ಬಿಂಬಕ್ಕೂ ತನಗೂ ನಿಯಮ ಒಂದೇ ಆದರೂ, ಜೀವಿಗಳು ಮಾಡಿದ ಸಕ್ಕರೆ ಬಲಗೈಯಂತಿದ್ದರೆ ಬಲಗೈಯಾಗಿಯೇ ಉಳಿಯುತ್ತದೆ, ತಾನಾಗಿ ಎಡಗೈ ಆಗುವುದಿಲ್ಲ. ಅಷ್ಟು ದೊಡ್ಡ ವಸ್ತು ಮಗುಚಲು ಬೇಕಾದ ಕಾಲ ಊಹೆಗೆ ಮೀರಿದ್ದು. ಮೂಲ ನಿಯಮದಲ್ಲಿಲ್ಲದ ‘ಎಡ’, ‘ಬಲ’ ಎಂಬ ಭೇದ ಗಾತ್ರ ಬೆಳೆದಂತೆ ತಾನೇ ತಲೆಯೆತ್ತಿತು. ರಸಾಯನಶಾಸ್ತ್ರಕ್ಕೆ, ಜೀವಶಾಸ್ತ್ರಕ್ಕೆ, ಸಮಾಜದ ಅಧ್ಯಯನಕ್ಕೆ ತಮ್ಮತಮ್ಮದೇ ಮೂಲತತ್ವಗಳಿವೆ, ಯಾವುದೂ ಕೆಳಗಿನದರ ಬರಿಯ ಬಳಕೆಯಲ್ಲ ಎನ್ನುವಲ್ಲಿಗೆ ವಾದ ಮುಟ್ಟುತ್ತದೆ. ಅವರ ಸಮೀಕರಣಗಳನ್ನು ಓದದವರೂ ಓದಿದ ಲೇಖನ ಇದೊಂದೇ ಇರಬೇಕು.

ಈ ಮಾತಿಗೆ ಪುರಾವೆಯಂತೆ 1975ರಲ್ಲಿ ಸ್ಯಾಮ್ ಎಡ್ವರ್ಡ್ಸ್ ಜೊತೆ ಸ್ಪಿನ್ ಗ್ಲಾಸ್ ಸಿದ್ಧಾಂತ ಬಂತು. ತಾಮ್ರಕ್ಕೆ ಚೂರು ಮ್ಯಾಂಗನೀಸ್ ಬೆರೆಸಿದ ಮಿಶ್ರಲೋಹ ಅದರ ವಸ್ತು, ವ್ಯವಹಾರದಲ್ಲಿ ಮೂರು ಕಾಸಿನ ಪ್ರಯೋಜನವಿಲ್ಲದ್ದು. ಅದರಲ್ಲಿ ಪ್ರತಿ ಮ್ಯಾಂಗನೀಸ್ ಪರಮಾಣುವೂ ಕೆಲವು ನೆರೆಯವರೊಂದಿಗೆ ಒಂದೇ ದಿಕ್ಕಿಗೆ, ಕೆಲವರೊಂದಿಗೆ ಎದುರು ದಿಕ್ಕಿಗೆ ನಿಲ್ಲಬಯಸುತ್ತದೆ. ಮೂವರಿದ್ದು ಪ್ರತಿಯೊಬ್ಬನೂ ಉಳಿದಿಬ್ಬರಿಗೆ ಬೆನ್ನುಮಾಡಲು ಹೊರಟರೆ ಒಬ್ಬನಿಗಾದರೂ ನಿರಾಸೆ ಖಂಡಿತ. ಎಲ್ಲರನ್ನೂ ಮೆಚ್ಚಿಸುವ ವ್ಯವಸ್ಥೆಯೇ ಇಲ್ಲ, ಅರೆಬರೆ ಮೆಚ್ಚಿಸುವ ವ್ಯವಸ್ಥೆಗಳು ಲೆಕ್ಕವಿಲ್ಲದಷ್ಟು. ಈ ಗಣಿತ ಮಿಶ್ರಲೋಹದಿಂದ ಹೊರಟು ಟೈಮ್‌ಟೇಬಲ್ ಹೊಂದಿಸುವಂಥ ಲೆಕ್ಕಗಳಿಗೂ ನರಜಾಲದ ಮಾದರಿಗಳಿಗೂ ಹಬ್ಬಿತು. 2021ರಲ್ಲಿ ಜಾರ್ಜೊ ಪರೀಸಿ, 2024ರಲ್ಲಿ ಜಾನ್ ಹಾಪ್‌ಫೀಲ್ಡ್ ಪಡೆದ ನೊಬೆಲ್‌ಗಳ ಹಿಂದೆ ಈ ನಿಷ್ಪ್ರಯೋಜಕ ಲೋಹದ ನೆರಳಿದೆ.

1975ರಲ್ಲಿ ಕೇಂಬ್ರಿಡ್ಜ್ ಬಿಟ್ಟು ಪ್ರಿನ್ಸ್‌ಟನ್ ಸೇರಿದರು. ಬೆಲ್‌ನ ನಂಟು 1984ರವರೆಗೂ ಉಳಿಯಿತು. 1977ರ ನೊಬೆಲ್ ಬಂದಾಗ ಅದನ್ನು ಹಂಚಿಕೊಂಡವರು ಮಾಟ್ ಮತ್ತು ಗುರು ವಾನ್ ವ್ಲೆಕ್. ಸಾಮಾನ್ಯವಾಗಿ ನೊಬೆಲ್ ಮುಗಿದ ಮೇಲೆ ಭಾಷಣದ ಬಾಳು. ಇವರ ವಿಷಯದಲ್ಲಿ ಹಾಗಾಗಲಿಲ್ಲ. 1979ರಲ್ಲಿ ಎಲೈಹು ಅಬ್ರಹಾಮ್ಸ್, ಡೊನಾಲ್ಡ್ ಲಿಸಿಯಾರ್ಡೆಲೊ ಮತ್ತು ಭಾರತದ ಟಿ.ವಿ. ರಾಮಕೃಷ್ಣನ್ ಜೊತೆ ಬರೆದ ಪುಟ್ಟ ಲೇಖನ ‘ಗ್ಯಾಂಗ್ ಆಫ್ ಫೋರ್’ ಎಂಬ ಅಡ್ಡಹೆಸರಿನಿಂದಲೇ ಪ್ರಸಿದ್ಧ. ವಸ್ತುವಿನ ತುಂಡನ್ನು ದೊಡ್ಡದು ಮಾಡುತ್ತ ಹೋದರೆ ಅದರ ವಾಹಕತೆ ಹೇಗೆ ಬದಲಾಗುತ್ತದೆ ಎಂಬ ಒಂದೇ ಪ್ರಶ್ನೆ ಕೇಳಿ, ಕಾಗದದಂಥ ಎರಡಾಯಾಮದ ವಸ್ತುವಿನಲ್ಲಿ ಅಡ್ಡಾದಿಡ್ಡಿತನ ಎಷ್ಟೇ ಸ್ವಲ್ಪವಿರಲಿ, ಕೊನೆಗೆ ಎಲೆಕ್ಟ್ರಾನು ಬಂದಿಯೇ ಎಂಬ ತೀರ್ಮಾನ ಕೊಟ್ಟಿತು. ಎಲೆಕ್ಟ್ರಾನುಗಳ ಪರಸ್ಪರ ಜಗಳವನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿದಿರಲಿಲ್ಲ, ಚರ್ಚೆ ಮುಂದುವರಿದದ್ದು ಅದರ ಸುತ್ತ. ರಾಮಕೃಷ್ಣನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು. 1985ರಲ್ಲಿ ಪ್ಯಾಟ್ರಿಕ್ ಲೀ ಜೊತೆ ಅವರು ಬರೆದ ಸಮೀಕ್ಷೆ ಈ ವಿಷಯಕ್ಕೆ ಕಾಲಿಡುವವರಿಗೆಲ್ಲ ಹೆಬ್ಬಾಗಿಲು.

ಸಾರ್ವಜನಿಕವಾಗಿ ಆಂಡರ್ಸನ್ ಹಲವರ ಮುನಿಸು ಕಟ್ಟಿಕೊಂಡದ್ದು ಟೆಕ್ಸಾಸ್‌ನ ಮಹಾ ಕಣವೇಗವರ್ಧಕದ ವಿಷಯದಲ್ಲಿ. 87 ಕಿಲೋಮೀಟರ್ ಸುತ್ತಳತೆಯ ಆ ಯಂತ್ರಕ್ಕೆ ಅಷ್ಟು ಕೋಟಿ ಸುರಿಯುವುದು ತರವಲ್ಲ, ಅದರಿಂದ ಉಳಿದ ವಿಜ್ಞಾನಕ್ಕೆ ಆಗುವ ಲಾಭವನ್ನು ಉಬ್ಬಿಸಿ ಹೇಳಲಾಗುತ್ತಿದೆ ಎಂದು ಅಮೆರಿಕದ ಸಂಸತ್ತಿನ ಸಮಿತಿಯೆದುರು ಹೇಳಿದರು. 1993ರಲ್ಲಿ ಯೋಜನೆ ರದ್ದಾಯಿತು. ಖರ್ಚು ಕೈಮೀರಿದ್ದು, ರಾಜಕೀಯ ಬದಲಾದದ್ದು ಅದಕ್ಕೆ ದೊಡ್ಡ ಕಾರಣಗಳು, ಒಬ್ಬರ ಸಾಕ್ಷ್ಯದಿಂದ ಸುರಂಗ ಮುಚ್ಚುವುದಿಲ್ಲ. ಆದರೂ ಕಣ ವಿಜ್ಞಾನಿಗಳು ಬಹುಕಾಲ ಅದನ್ನು ಮರೆಯಲಿಲ್ಲ.

ಕೊನೆಯ ದೊಡ್ಡ ಪ್ರಶ್ನೆ ಹಿಡಿದುಕೊಂಡಾಗ ಅವರಿಗೆ ಅರವತ್ಮೂರು. 1986ರಲ್ಲಿ ಐಬಿಎಂನ ಜ್ಯೂರಿಕ್ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲರ್, ತಾಮ್ರದ ಆಕ್ಸೈಡ್ ಬೆರೆತ ಪಿಂಗಾಣಿಯಂಥ ವಸ್ತು ಆವರೆಗೆ ಕಂಡಿರದಷ್ಟು ಹೆಚ್ಚಿನ ಉಷ್ಣತೆಯಲ್ಲಿ ಅತಿವಾಹಕವಾಗುವುದನ್ನು ಕಂಡರು. 1987ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಆಂಡರ್ಸನ್ ತಮ್ಮ ವಿವರಣೆಯನ್ನು ಮುಂದಿಟ್ಟರು. ಮಾರ್ಚಿನಲ್ಲಿ ಅದು ‘ಸೈನ್ಸ್’ನಲ್ಲಿ ಅಚ್ಚಾಯಿತು. ತಾಮ್ರದ ಪರಮಾಣುಗಳು ಚದುರಂಗದ ಹಾಸಿನಂತೆ ಕೂತಿವೆ, ಮನೆಗೊಂದು ಎಲೆಕ್ಟ್ರಾನು. ಪಕ್ಕಪಕ್ಕದ ಎರಡೆರಡು ಜೋಡಿ ಕಟ್ಟುತ್ತವೆ, ಆದರೆ ಯಾರ ಜೋಡಿ ಯಾರು ಎಂಬುದು ಸ್ಥಿರವಿಲ್ಲದೆ ಬದಲಾಗುತ್ತಲೇ ಇರುತ್ತದೆ. ಮನೆಗಳೆಲ್ಲ ಭರ್ತಿಯಾಗಿರುವಾಗ ಯಾರೂ ಕದಲುವಂತಿಲ್ಲ, ವಸ್ತು ಅವಾಹಕ. ಕೆಲವು ಎಲೆಕ್ಟ್ರಾನುಗಳನ್ನು ಹೊರತೆಗೆದು ಮನೆ ಖಾಲಿಮಾಡಿದರೆ ಮೊದಲೇ ಕಟ್ಟಿದ್ದ ಜೋಡಿಗಳು ಅಡೆತಡೆಯಿಲ್ಲದೆ ಹರಿಯುತ್ತವೆ. ಇದರ ಗಣಿತವನ್ನು ಮುಂದುವರಿಸುವುದರಲ್ಲಿ ಆಗ ಪ್ರಿನ್ಸ್‌ಟನ್‌ನಲ್ಲಿದ್ದ, ಮುಂದೆ ಚೆನ್ನೈನ ಗಣಿತವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ ಜಿ. ಬಾಸ್ಕರನ್ ಅವರದು ಮುಖ್ಯ ಪಾತ್ರ. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಅದೇ ವರ್ಷ ಇಂಥ ವಸ್ತುಗಳನ್ನು ತಯಾರಿಸಿ ಅಳೆದಿತ್ತು.

ಆಂಡರ್ಸನ್ ತಮ್ಮ ಚಿತ್ರವನ್ನು ಮುಂದಿನ ಮೂವತ್ತು ವರ್ಷ ತಿದ್ದುತ್ತ, ಕೆಲವೊಮ್ಮೆ ಅರ್ಧಕ್ಕರ್ಧ ಬದಲಿಸುತ್ತ, ಬೇರೆ ವಿವರಣೆಯವರೊಂದಿಗೆ ಬಿರುಸಾಗಿ ಕಾದಾಡುತ್ತ ಹೋದರು. ಅವರ ಲೇಖನಗಳ ಹಳೆಯ ದೋಷ, ಅಂದರೆ ಹೊಳಹು ಸ್ಪಷ್ಟ, ಮೆಟ್ಟಿಲುಗಳು ಅಸ್ಪಷ್ಟ ಎಂಬುದು, ಇಲ್ಲಿ ಇನ್ನಷ್ಟು ಎದ್ದುಕಂಡಿತು. 2020ರ ಮಾರ್ಚ್ 29ರಂದು ಪ್ರಿನ್ಸ್‌ಟನ್‌ನಲ್ಲಿ, 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ತಾಮ್ರದ ಆಕ್ಸೈಡಿನ ಪ್ರಶ್ನೆ ಇತ್ಯರ್ಥವಾಗಿರಲಿಲ್ಲ. ಈಗಲೂ ಆಗಿಲ್ಲ.